ಹಳೆಯ ಷೆವರ್ಲೆ ಪಿಕಪ್‌ನ ಸೆಲ್ಫ್ ಮತ್ತು ಇಗ್ನಿಷನ್: ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು

1947ರಿಂದ 1954ರವರೆಗಿನ ಷೆವರ್ಲೆ ಪಿಕಪ್ ಕೊಂಡವರಿಗೆ ಮೊದಲ ಚಳಿಗಾಲದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಗಾಡಿಯ 6 ವೋಲ್ಟ್ ವ್ಯವಸ್ಥೆಯನ್ನು ಹಾಗೆಯೇ ಇಟ್ಟುಕೊಳ್ಳುವುದೋ, 12 ವೋಲ್ಟ್‌ಗೆ ಬದಲಿಸುವುದೋ? ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: ಕಾಲಿನಲ್ಲಿ ತುಳಿಯುವ ಹಳೆಯ ಸೆಲ್ಫನ್ನು ರಿಪೇರಿ ಮಾಡಿಸುವುದೋ, ಹೊಸ ಸ್ಟಾರ್ಟರ್ ಹಾಕಿಸುವುದೋ, ಕಿಡಿ ಹುಟ್ಟಿಸಲು ಹಳೆಯ ಪಾಯಿಂಟು (ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚು), ಅದರ ಜೊತೆಗಿನ ಕಂಡೆನ್ಸರ್ ಸಾಕೋ, ಎಲೆಕ್ಟ್ರಾನಿಕ್ ಇಗ್ನಿಷನ್ ಬೇಕೋ. ನನ್ನದು 1951ರ ಅರ್ಧ ಟನ್ನಿನ 3100 ಮಾದರಿ. ಇರುವುದು ಅಮೆರಿಕದ ಓಹಾಯೋದಲ್ಲಿ. ಮೂರರಲ್ಲಿ ಎರಡು ಪ್ರಶ್ನೆಗಳಿಗೆ ಮೊದಲು ತಪ್ಪು ಉತ್ತರ ಕೊಟ್ಟು, ದುಡ್ಡು ಕಳೆದುಕೊಂಡು, ಆಮೇಲೆ ದಾರಿಗೆ ಬಂದವನು ನಾನು. ಆದ್ದರಿಂದ ಇಲ್ಲಿ ನಿಷ್ಪಕ್ಷಪಾತವನ್ನು ನಿರೀಕ್ಷಿಸಬೇಡಿ.

ಮೊದಲು ಮಾತಿನ ವಿಚಾರ. ದಾವಣಗೆರೆಯಲ್ಲಿ ಸೋದರಮಾವನ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬೇಸಿಗೆ ರಜೆ ಕಳೆದವನಿಗೆ ಸ್ಟಾರ್ಟರ್ ಎಂದರೆ ಸೆಲ್ಫ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂದರೆ ಡೆಲ್ಕೋ, ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್ ಎಂದರೆ ಕಾರ್ಬನ್. ಡೆಲ್ಕೋ ಒಂದು ಕಂಪನಿಯ ಹೆಸರೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಇದೇ ಓಹಾಯೋದ ಡೇಟನ್‌ನಲ್ಲಿ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳೇ ಡೆಲ್ಕೋ. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಬಂದದ್ದೂ ಅಲ್ಲಿಂದಲೇ. ನಮ್ಮ ಮೆಕ್ಯಾನಿಕ್‌ಗಳ ಬಾಯಿಗೆ ಆ ಹೆಸರು ಹತ್ತಿದ್ದರಲ್ಲಿ ಅಚ್ಚರಿಯಿಲ್ಲ. ಡೆಲ್ಕೋವನ್ನು ಆಮೇಲೆ ತನ್ನದಾಗಿಸಿಕೊಂಡ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ಈ ಬರಹದಲ್ಲೂ ಸೆಲ್ಫ್ ಸೆಲ್ಫೇ, ಡೆಲ್ಕೋ ಡೆಲ್ಕೋನೇ.

ಆಯ್ಕೆಗೆ ಮುಂಚೆ ಮೀಟರು

ನನ್ನ ಗಾಡಿಯ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತಿತ್ತು. ಹತ್ತು ಮೈಲಿ ಓಡಿಸಿ, ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಮುಗಿಯಿತು. ಪೆಡಲ್ ತುಳಿದರೆ ಸೆಲ್ಫ್ ಒಂದು ಸುತ್ತು ನರಳಿ ನಿಂತುಬಿಡುತ್ತಿತ್ತು. ಹೊಸ ಬ್ಯಾಟರಿ ತಂದೆ. ಸರಿಹೋಗಲಿಲ್ಲ. ಸೆಲ್ಫ್ ಬಿಚ್ಚಿ ರಿಪೇರಿಗೆ ಕೊಟ್ಟೆ. ಕಾರ್ಬನ್, ಬುಶ್ ಎಲ್ಲ ಹೊಸದಾಗಿ ಬಂತು, ನರಳಾಟ ಹಾಗೆಯೇ ಉಳಿಯಿತು. 12 ವೋಲ್ಟ್‌ಗೆ ಬದಲಿಸುವ ಸಾಮಾನಿನ ಪಟ್ಟಿಯನ್ನೂ ಬರೆದಿಟ್ಟಿದ್ದೆ.

ಸಾಮಾನು ತರಿಸುವ ಮುಂಚಿನ ಭಾನುವಾರ ಮಗಳನ್ನು ಸೀಟಿನಲ್ಲಿ ಕೂರಿಸಿ, ಗೇರ್ ನ್ಯೂಟ್ರಲ್‌ನಲ್ಲಿದೆಯೆಂದು ಎರಡು ಸಲ ನೋಡಿ, ಮೀಟರ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಈ ಗಾಡಿಯಲ್ಲಿ ಕೀ ಆಫ್ ಇದ್ದರೂ ಪೆಡಲ್ ತುಳಿದರೆ ಸೆಲ್ಫ್ ತಿರುಗುತ್ತದೆ. ಸ್ವಿಚ್ಚು ಸೆಲ್ಫಿನ ಮೇಲೆಯೇ ಕೂತಿದೆ, ಕೀಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಗೆ ಇದು ಅನುಕೂಲ, ಮಕ್ಕಳಿರುವ ಮನೆಯಲ್ಲಿ ಅಪಾಯ. "ತುಳಿಯಮ್ಮಾ" ಎಂದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 5.1 ವೋಲ್ಟ್. ಪರವಾಗಿಲ್ಲ. ಸೆಲ್ಫಿನ ಬೋಲ್ಟು ಮತ್ತು ಅದರ ಮೈ ನಡುವೆ 3.4. ಅಂದರೆ 1.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಪಾಸಿಟಿವ್ ಕಡೆ ನೋಡಿದರೆ ನಷ್ಟ 0.4 ಮಾತ್ರ. ಮೀಟರಿನ ಒಂದು ಮೊನೆಯನ್ನು ಎಂಜಿನ್ ಬ್ಲಾಕಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇಟ್ಟು ಮತ್ತೆ ತುಳಿಸಿದೆ. 1.3 ವೋಲ್ಟ್.

ತಪ್ಪು ನನ್ನದೇ. ಫ್ರೇಮಿಗೆ ಹೊಸ ಕಪ್ಪು ಬಣ್ಣ ಹೊಡೆದ ಸಂಭ್ರಮದಲ್ಲಿ ಅರ್ತ್ ಪಟ್ಟಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫಿನಿಂದ ಹೊರಟ ಕರೆಂಟು ಬ್ಯಾಟರಿಗೆ ಮರಳಬೇಕಾದರೆ ಆ ಪಟ್ಟಿಯೇ ಗತಿ, ಅದು ನಿಂತಿದ್ದದ್ದು ಬೋಲ್ಟಿನ ಎರಡು ಎಳೆಗಳ ಮೇಲೆ. ಮಾವ ಟೆಸ್ಟ್ ಲ್ಯಾಂಪ್ ಹಿಡಿದು ಹುಡುಗರನ್ನು ಬೈಯುತ್ತಿದ್ದದ್ದು ನೆನಪಾಯಿತು: "ಕರೆಂಟು ಹೋಗುವ ದಾರಿಯನ್ನು ಎಲ್ಲರೂ ನೋಡುತ್ತೀರಿ, ವಾಪಸು ಬರುವ ದಾರಿಯನ್ನು ಒಬ್ಬನೂ ನೋಡುವುದಿಲ್ಲ." ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ದಪ್ಪ ಪಟ್ಟಿ ಹಾಕಿದ ಮೇಲೆ ಅದೇ ಜಾಗದಲ್ಲಿ 0.15 ವೋಲ್ಟ್. ಆ ಭಾನುವಾರದಿಂದ ಇಂದಿನವರೆಗೆ ಸೆಲ್ಫ್ ನರಳಿಲ್ಲ.

ಹಾಗಾಗಿ ಯಾವ ಆಯ್ಕೆಯ ಕಡೆಗೆ ನಿಮ್ಮ ಮನಸ್ಸು ವಾಲಿದ್ದರೂ ಈ ನಾಲ್ಕು ಅಳತೆಗಳನ್ನು ಮೊದಲು ತೆಗೆದುಕೊಳ್ಳಿ. ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮ್ಮನೆ ಇದ್ದಾಗ 6.3 ವೋಲ್ಟಿಗೆ ಕಡಿಮೆ ತೋರಿಸಬಾರದು. ಸೆಲ್ಫ್ ತಿರುಗುವಾಗ ಅದು ಐದರ ಆಸುಪಾಸಿನಲ್ಲಿ ನಿಲ್ಲಬೇಕು. ಪಾಸಿಟಿವ್ ದಾರಿಯಲ್ಲಿ, ಅರ್ತ್ ದಾರಿಯಲ್ಲಿ ತಲಾ 0.2ಕ್ಕಿಂತ ಹೆಚ್ಚು ಕಳೆಯಬಾರದು. ಬಿಸಿಯಾದಾಗ ಮಾತ್ರ ಕಾಡುವ ಕಾಯಿಲೆಯಾದರೆ ಗಾಡಿಯನ್ನು ಬಿಸಿ ಮಾಡಿಯೇ ಅಳೆಯಿರಿ.

6, 8, 12

ಆರು ವೋಲ್ಟ್ ಎಂದರೆ ಬಡಕಲು ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಹೊಸದರಲ್ಲಿ ಈ ಗಾಡಿಗಳು ಮಿಷಿಗನ್ನಿನ ಹಿಮದಲ್ಲೂ ಸ್ಟಾರ್ಟ್ ಆಗುತ್ತಿದ್ದವು. ಆಗದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಬದಲಾದದ್ದು ತಂತಿ. ಇಂದು ಅಂಗಡಿಯಲ್ಲಿ ಸಿಗುವ ಬ್ಯಾಟರಿ ಕೇಬಲ್ 12 ವೋಲ್ಟ್ ಗಾಡಿಗೆಂದು ಮಾಡಿದ್ದು, ಸಾಮಾನ್ಯವಾಗಿ 4 ಗೇಜ್ (ಗೇಜಿನ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ). ನೋಡಲು ದಪ್ಪಗೇ ಕಾಣುತ್ತದೆ, ಮೇಲಿನ ಪ್ಲಾಸ್ಟಿಕ್ ಮಂದವಾಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಹೋಗಿ ಬರುವ ದಾರಿ ಒಟ್ಟು 3 ಮೀಟರ್, ಸೆಲ್ಫ್ ಎಳೆಯುವುದು 300 ಆಂಪಿಯರ್ ಎಂದಿಟ್ಟುಕೊಳ್ಳಿ. 4 ಗೇಜ್ ತಂತಿಯಲ್ಲಿ ಸುಮಾರು 0.75 ವೋಲ್ಟ್ ಹೋಗುತ್ತದೆ, ಆರರಲ್ಲಿ ಎಂಟನೇ ಒಂದು ಪಾಲು. ಅಷ್ಟೇ ಕೆಲಸಕ್ಕೆ 12 ವೋಲ್ಟ್ ಗಾಡಿಗೆ 150 ಆಂಪಿಯರ್ ಸಾಕು. ಅದೇ ತಂತಿಯಲ್ಲಿ ಹೋಗುವುದು ಮೂವತ್ತೆರಡನೇ ಒಂದು ಪಾಲು. ವೋಲ್ಟೇಜ್ ಅರ್ಧವಾದರೆ ತಂತಿಯ ಪೆಟ್ಟು ನಾಲ್ಕು ಪಟ್ಟು. 6 ವೋಲ್ಟಿನ ಗಾಡಿಗೆ ಬೇಕಾದದ್ದು 2/0 ಗೇಜ್, ಅಂದರೆ ಹೆಬ್ಬೆರಳಿನ ದಪ್ಪದ ವೆಲ್ಡಿಂಗ್ ಕೇಬಲ್. ಅದರಲ್ಲಿ ನಷ್ಟ 0.23 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿ ಇರುವುದು ಪ್ರಯಾಣಿಕನ ಕಾಲಡಿಯ ನೆಲದ ಕೆಳಗೆ. ಹಾಗಾಗಿ ಬೇಕಾಗುವ ಉದ್ದ ಕಡಿಮೆ, ಖರ್ಚೂ ಕಡಿಮೆ. 12 ವೋಲ್ಟಿನ ಪಟ್ಟಿಯ ಪಕ್ಕದಲ್ಲಿ ಇಟ್ಟರೆ ಇದು ಚಿಲ್ಲರೆ ಕಾಸು.

ಹಾಗಾದರೆ 12 ವೋಲ್ಟ್ ಯಾರಿಗೆ? ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಓಡಿಸುವವರಿಗೆ ಖಂಡಿತ ಬೇಕು. ಆರು ವೋಲ್ಟಿನ ಹೆಡ್‌ಲೈಟ್ ಹಳದಿ ದೀಪದ ಹಾಗೆ ಉರಿಯುತ್ತದೆ, ಎದುರಿನ ಜಿಂಕೆಗೆ ನಾವು ಕಾಣುತ್ತೇವೆ, ನಮಗೆ ಜಿಂಕೆ ಕಾಣುವುದಿಲ್ಲ. ಎಂಜಿನ್ ಬದಲಿಸಿದವರಿಗೆ, ಎಸಿ ಅಥವಾ ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವವರಿಗೆ ಬೇರೆ ದಾರಿಯೇ ಇಲ್ಲ. ಕಂಪನಿಯೇ 1955ರ ಹೊಸ ಮಾದರಿಯಲ್ಲಿ 12 ವೋಲ್ಟಿಗೆ ಹೋಯಿತು, ಅದಕ್ಕೆ ಕಾರಣವೂ ಇತ್ತು. ಆದರೆ ಬದಲಾವಣೆ ಎಂದರೆ ಬ್ಯಾಟರಿ ಒಂದೇ ಅಲ್ಲ. ಡೈನಮೋ ಹೋಗಿ ಆಲ್ಟರ್ನೇಟರ್ ಬರಬೇಕು. ಬಲ್ಬು, ಫ್ಲಾಷರ್, ಹಾರ್ನಿನ ರಿಲೇ ಎಲ್ಲ ಹೊಸದು. ಹೀಟರ್ ಮೋಟರಿಗೂ ಪೆಟ್ರೋಲ್ ಮುಳ್ಳಿಗೂ ವೋಲ್ಟೇಜ್ ಇಳಿಸುವ ಸಾಧನ ಬೇಕು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸಬೇಕು, ಇಲ್ಲವೇ ಅದರ ಮುಂದೆ ಕರೆಂಟು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಕೂರಿಸಬೇಕು. ಅದನ್ನು ಮರೆತರೆ ಪಾಯಿಂಟುಗಳು ಬೇಗನೆ ಕಪ್ಪಾಗಿ ಸುಡುತ್ತವೆ, ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಆಂಪಿಯರ್ ಮೀಟರ್ ಮಾತ್ರ ಇದ್ದಹಾಗೆಯೇ ಕೆಲಸ ಮಾಡುತ್ತದೆ. ಹಳೆಯ ವಾಲ್ವ್ ರೇಡಿಯೋ ಇದ್ದರೆ ಅದರ ಆಸೆ ಬಿಡಿ, ಅಥವಾ ಬಲ್ಲವರ ಕೈಗೆ ಕೊಡಿ.

6 ವೋಲ್ಟಿನ ಸೆಲ್ಫನ್ನು 12ರಲ್ಲಿ ಹಾಗೆಯೇ ಓಡಿಸುವವರು ಬಹಳ ಮಂದಿ ಇದ್ದಾರೆ. ಓಡುತ್ತದೆ, ಮೊದಲಿಗಿಂತ ಜೋರಾಗಿ. ಒಂದೆರಡು ಕ್ಷಣದಲ್ಲಿ ಸ್ಟಾರ್ಟ್ ಆಗುವ ಎಂಜಿನ್ ಆದರೆ ತೊಂದರೆಯಿಲ್ಲ. ಅರ್ಧ ನಿಮಿಷ ತುಳಿದುಕೊಂಡೇ ಇರಬೇಕಾದ ಎಂಜಿನ್ ಆದರೆ ಸೆಲ್ಫ್ ಬೇಯುತ್ತದೆ, ಅದರ ತುದಿಯ ಪುಟ್ಟ ಗೇರಾದ ಪಿನಿಯನ್ನಿನ ಹಲ್ಲಿಗೆ ಬೀಳುವ ಪೆಟ್ಟೂ ಹೆಚ್ಚು.

ನಡುವಿನ ದಾರಿ ಎಂದು 8 ವೋಲ್ಟಿನ ಬ್ಯಾಟರಿ ಮಾರುತ್ತಾರೆ. ಬೇಡ. ಡೈನಮೋದ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಏರಿಸದಿದ್ದರೆ ಅದು ಎಂದೂ ತುಂಬುವುದಿಲ್ಲ, ಏರಿಸಿದರೆ 6 ವೋಲ್ಟಿನ ಬಲ್ಬುಗಳು ಒಂದೊಂದಾಗಿ ಹೋಗುತ್ತವೆ. ಕೆಟ್ಟ ಅರ್ತನ್ನು ಮುಚ್ಚಿಡಲು ಕೊಳ್ಳುವ ವಸ್ತು ಅದು.

ಬೇರೆ ಕಂಪನಿಯ ಗಾಡಿ ಇರುವವರಿಗೆ ಒಂದು ಎಚ್ಚರಿಕೆ. ಷೆವರ್ಲೆಯಲ್ಲಿ ನೆಗೆಟಿವ್ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ಕಂಬ ಗಾಡಿಯ ಮೈಗೆ ಸೇರಿರುತ್ತದೆ. ಅದೇ ಕಾಲದ ಫೋರ್ಡ್ ಎಫ್-1 ಮತ್ತು ಡಾಡ್ಜ್ ಪಿಕಪ್‌ಗಳಲ್ಲಿ ಪಾಸಿಟಿವ್ ಅರ್ತ್. ಹಿಂದಿನ ಮಾಲೀಕ ತಿರುಗಾ ಮುರುಗಾ ಹಾಕಿರುವುದೂ ಉಂಟು. ಎಲೆಕ್ಟ್ರಾನಿಕ್ ಸಾಮಾನು ತರಿಸುವ ಮುಂಚೆ ಕಣ್ಣಾರೆ ನೋಡಿ.

ಸೆಲ್ಫ್: ರಿಪೇರಿಯೋ, ಹೊಸದೋ

ಇಲ್ಲಿ ನನ್ನ ಮತ ಸ್ಪಷ್ಟ: ರಿಪೇರಿ. ನನ್ನ ಗಾಡಿಯಲ್ಲಿರುವ 216 (ಘನ ಇಂಚು) ಎಂಜಿನ್ನಿನ ಕಂಪ್ರೆಷನ್ 6.6ರಷ್ಟು ಮಾತ್ರ, ತಿರುಗಿಸಲು ಭೀಮಬಲ ಬೇಕಿಲ್ಲ. ಗೇರ್ ರಿಡಕ್ಷನ್ ಸ್ಟಾರ್ಟರ್ ಹಗುರ, ಕರೆಂಟು ಕಡಿಮೆ ತಿನ್ನುತ್ತದೆ, ಚಳಿಯಲ್ಲಿ ಚುರುಕು, ನಿಜ. ಆದರೆ ಅದಕ್ಕೆ ಸೊಲೆನಾಯ್ಡ್ (ವಿದ್ಯುತ್ತಿನಿಂದ ಎಳೆಯುವ ಸ್ವಿಚ್ಚು), ಬಟನ್, ಹೊಸ ವೈರಿಂಗ್ ಬೇಕು, ಕಾಲಿನ ಪೆಡಲ್ ಅಲಂಕಾರಕ್ಕೆ ಉಳಿಯುತ್ತದೆ. ಎಂಜಿನ್ ಬದಲಿಸಿ ಕಂಪ್ರೆಷನ್ ಏರಿಸಿದವರು, ಮೊಣಕಾಲಿನ ನೋವಿನಿಂದ ಪೆಡಲ್ ತುಳಿಯಲಾಗದವರು ಅದನ್ನು ಹಾಕಿಸಿಕೊಳ್ಳಲಿ. ಉಳಿದವರಿಗೆ ಡೆಲ್ಕೋ-ರೆಮಿ ಕಂಪನಿಯ ಹಳೆಯ ಸೆಲ್ಫ್ ಸಾಕು. ಅದರಲ್ಲಿ ಸವೆಯುವ ಭಾಗ ನಾಲ್ಕೈದು, ಎಲ್ಲವೂ ಸಿಗುತ್ತವೆ.

ರಿಪೇರಿಗೆ ಕೊಡುವ ಮುಂಚೆ ಸದ್ದು ಕೇಳಿಸಿಕೊಳ್ಳಿ. ಸೆಲ್ಫ್ ಗುಂಯ್ ಎಂದು ಸರಾಗವಾಗಿ ತಿರುಗಿ ಎಂಜಿನ್ ಅಲುಗದಿದ್ದರೆ ಪಿನಿಯನ್ನಿನ ಒಮ್ಮುಖ ಕ್ಲಚ್ ಜಾರುತ್ತಿದೆ. ಕರಕರ ಎಂದು ಹಲ್ಲು ಕಡಿದರೆ ಎರಡು ಕಾರಣಗಳಿರಬಹುದು. ಕಾಲಿನ ಪೆಡಲ್ ಎರಡು ಕೆಲಸ ಮಾಡುತ್ತದೆ: ಸನ್ನೆಕೋಲಿನಿಂದ ಪಿನಿಯನ್ನನ್ನು ಫ್ಲೈವೀಲ್ ಹಲ್ಲಿಗೆ ತಳ್ಳುತ್ತದೆ, ಆಮೇಲೆ ಸ್ವಿಚ್ಚನ್ನು ಒತ್ತುತ್ತದೆ. ಈ ಕ್ರಮ ತಪ್ಪಿದರೆ, ಅಂದರೆ ಹಲ್ಲು ಪೂರ್ತಿ ಕೂರುವ ಮುಂಚೆಯೇ ಕರೆಂಟು ಹರಿದರೆ, ತಿರುಗುವ ಪಿನಿಯನ್ ಹೋಗಿ ನಿಂತ ಹಲ್ಲಿಗೆ ಉಜ್ಜುತ್ತದೆ. ಸನ್ನೆಕೋಲಿನ ಹೊಂದಾಣಿಕೆ ಸರಿಪಡಿಸಿದರೆ ಸಾಕು. ಹೊಸ ಸೆಲ್ಫ್ ಕೊಂಡವರಲ್ಲಿ ಎಷ್ಟು ಜನ ಇದೊಂದನ್ನು ನೋಡದೆ ಕೊಂಡರೋ.

ಎರಡನೆಯ ಕಾರಣ ಫ್ಲೈವೀಲಿನ ಸುತ್ತ ಇರುವ ಹಲ್ಲಿನ ರಿಂಗ್. ಆರು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒಂದು ಸುತ್ತಿಗೆ ಮೂರು ಕಂಪ್ರೆಷನ್. ಅವುಗಳ ನಡುವಿನ ಮೂರು ಜಾಗಗಳಲ್ಲೇ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಎಪ್ಪತ್ತು ವರ್ಷ ಪಿನಿಯನ್ ಬಂದು ಗುದ್ದಿದ್ದು ಆ ಮೂರು ಕಡೆಯ ಹಲ್ಲುಗಳನ್ನೇ. ಸೆಲ್ಫ್ ಬಿಚ್ಚಿದಾಗ ಆ ಕಂಡಿಯಲ್ಲಿ ಟಾರ್ಚ್ ಬಿಟ್ಟು, ಎಂಜಿನ್ನನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸುತ್ತ ನೋಡಿ. ಮೂರು ಕಡೆ ಹಲ್ಲಿನ ತುದಿ ಮೊಂಡಾಗಿ, ಉಳಿದೆಡೆ ಹೊಸದರಂತೆ ಚೂಪಾಗಿದ್ದರೆ ಯಾವ ಸ್ಟಾರ್ಟರ್ ತಂದರೂ ಕರಕರ ತಪ್ಪುವುದಿಲ್ಲ. ಗೇರ್‌ಬಾಕ್ಸ್ ಇಳಿಸಲೇಬೇಕು.

ಬಿಚ್ಚಿದ ಸೆಲ್ಫಿನಲ್ಲಿ ಮೊದಲು ನೋಡಬೇಕಾದದ್ದು ಒಳಗೆ ತಿರುಗುವ ಭಾಗವಾದ ಆರ್ಮೇಚರಿನ ಮೈ. ಒಂದು ಕಡೆ ಕನ್ನಡಿಯ ಹಾಗೆ ಉಜ್ಜಿ ಹೊಳೆಯುತ್ತಿದ್ದರೆ ಕಂಚಿನ ಬುಶ್ ಸವೆದಿದೆ, ಆರ್ಮೇಚರ್ ಫೀಲ್ಡಿನ ಕಬ್ಬಿಣಕ್ಕೆ ತಾಗುತ್ತಿದೆ. ಬರಿಗೈಯಲ್ಲಿ ತಿರುಗಿಸಿದರೆ ಇದು ಗೊತ್ತಾಗದು, ಕರೆಂಟು ಹರಿದಾಗ ಆಯಸ್ಕಾಂತದ ಎಳೆತಕ್ಕೆ ತಾಗುತ್ತದೆ. ಆಮೇಲೆ ಕಾರ್ಬನ್ ಉಜ್ಜುವ ಕಮ್ಯುಟೇಟರ್: ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ತಗ್ಗಿರಬೇಕು. ಮಾವ ಇದನ್ನು ಹ್ಯಾಕ್ಸಾ ಬ್ಲೇಡಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಒಂದೊಂದೇ ಸಂದಾಗಿ ಕೆರೆಯುತ್ತಿದ್ದ, ರೇಡಿಯೋ ಕೇಳುತ್ತ. ಮೈಕಾ ಮೇಲೆದ್ದಿದ್ದರೆ ಹೊಸ ಕಾರ್ಬನ್ ಕುಣಿಯುತ್ತದೆ, ಕಿಡಿ ಹಾರುತ್ತದೆ, ದುಡ್ಡು ದಂಡ.

ಪಾಯಿಂಟೋ, ಎಲೆಕ್ಟ್ರಾನಿಕ್ಕೋ

ಇಲ್ಲಿ ನಾನು ಮೊದಲು ಹೇಳಿದಷ್ಟು ಹಠಮಾರಿಯಲ್ಲ. ಎರಡನ್ನೂ ಓಡಿಸಿ ನೋಡಿದ್ದೇನೆ.

ಪಾಯಿಂಟಿನ ದೊಡ್ಡ ಗುಣ, ಕೆಟ್ಟರೆ ಏನು ಕೆಟ್ಟಿತೆಂದು ಅದೇ ಹೇಳುತ್ತದೆ. ಒಂದು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ತಂತಿಗೆ, ಇನ್ನೊಂದನ್ನು ಅರ್ತ್‌ಗೆ ಕೊಟ್ಟು, ಕೀ ಆನ್ ಮಾಡಿ ಸೆಲ್ಫ್ ತಿರುಗಿಸಿ. ಲ್ಯಾಂಪ್ ಮಿಣಕು ಮಿಣಕು ಎಂದರೆ ಪಾಯಿಂಟು ಕೆಲಸ ಮಾಡುತ್ತಿದೆ. ಕಾಯಿಲ್, ಕಂಡೆನ್ಸರ್, ರೋಟರ್, ಕ್ಯಾಪ್ ಕಡೆ ಹೋಗಿ. ಉರಿಯುತ್ತಲೇ ಇದ್ದರೆ ಪಾಯಿಂಟು ಕೂಡುತ್ತಿಲ್ಲ. ಆರಿಯೇ ಇದ್ದರೆ ಒಂದೋ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಪಾಯಿಂಟು ಬಿಡಿಸಿಕೊಳ್ಳುತ್ತಿಲ್ಲ, ಅಥವಾ ಒಳಗಿನ ಪುಟ್ಟ ತಂತಿ ಎಲ್ಲೋ ಮೈಗೆ ತಾಗುತ್ತಿದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಕಾರಣ ಬಹುಪಾಲು ಪಾಯಿಂಟಿನ ಮೇಲಿನ ಕಾಣದ ಪೊರೆ. ಒಂದು ವಿಸಿಟಿಂಗ್ ಕಾರ್ಡನ್ನು ಪಾಯಿಂಟುಗಳ ನಡುವೆ ಇಟ್ಟು ಎರಡು ಸಲ ಎಳೆದರೆ ಎಂಜಿನ್ ಎದ್ದು ಕೂತದ್ದನ್ನು ನೋಡಿದ್ದೇನೆ.

ದೋಷವೂ ಇದೆ. ಡೆಲ್ಕೋದ ಕ್ಯಾಮ್ ಮೇಲೆ ಉಜ್ಜುವ ಫೈಬರ್ ತುಂಡು ಸವೆಯುತ್ತ ಹೋದಂತೆ ಪಾಯಿಂಟಿನ ಅಂತರ ಕಿರಿದಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ. ಗಾಡಿ ಸದ್ದಿಲ್ಲದೆ ಸೋಮಾರಿಯಾಗುತ್ತದೆ. ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚುವುದನ್ನು ಮರೆತರೆ ಇನ್ನೂ ಬೇಗ. ಈಗ ಬರುವ ಹೊಸ ಕಂಡೆನ್ಸರ್‌ಗಳ ಮೇಲೆ ನನಗೆ ಭರವಸೆ ಕಡಿಮೆ; ಮೂರರಲ್ಲಿ ಒಂದು ಬಿಸಿಯಾದಾಗ ಕೈಕೊಟ್ಟಿದೆ. ಚೆನ್ನಾಗಿ ಓಡುತ್ತಿರುವ ಹಳೆಯ ಕಂಡೆನ್ಸರನ್ನು ಹೊಸತು ತಂದೆನೆಂಬ ಕಾರಣಕ್ಕೆ ಎಸೆಯಬೇಡಿ.

ಎಲೆಕ್ಟ್ರಾನಿಕ್‌ನಲ್ಲಿ ಎರಡು ಬಗೆ. ಡೆಲ್ಕೋದ ಕ್ಯಾಪಿನ ಕೆಳಗೇ ಕೂರುವ ಪುಟ್ಟ ಮಾಡ್ಯೂಲ್ ಒಂದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಪಾಯಿಂಟಿಲ್ಲ, ಸವೆತವಿಲ್ಲ, ವರ್ಷಗಟ್ಟಲೆ ಮುಟ್ಟಬೇಕಿಲ್ಲ. ಇನ್ನೊಂದು, ಇಡೀ ಡೆಲ್ಕೋವನ್ನೇ ತೆಗೆದು ಅದರ ಜಾಗಕ್ಕೆ ಹಾಕುವ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್) ಮಾದರಿ. ಕಿಡಿ ಜೋರು, 12 ವೋಲ್ಟ್ ಕಡ್ಡಾಯ, ಎಂಜಿನ್ನಿನ ಮುಖವೇ ಬದಲಾಗುತ್ತದೆ. 12 ವೋಲ್ಟಿಗೆ ಹೋಗಿ ವಾರಕ್ಕೆ ಮೂರು ದಿನ ಗಾಡಿ ಓಡಿಸುವವರಿಗೆ ಪುಟ್ಟ ಮಾಡ್ಯೂಲೇ ಸರಿ, ಅದರಲ್ಲಿ ಎರಡು ಮಾತಿಲ್ಲ.

6 ವೋಲ್ಟ್ ಉಳಿಸಿಕೊಂಡವರು ಮಾತ್ರ ಯೋಚಿಸಬೇಕು. ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿಯುವುದನ್ನು ಮೇಲೆ ನೋಡಿದೆವು. ಪಾಯಿಂಟು 4 ವೋಲ್ಟಿನಲ್ಲೂ ಒಂದು ಬಡಕಲು ಕಿಡಿಯನ್ನಾದರೂ ಕೊಡುತ್ತದೆ. ಮಾಡ್ಯೂಲ್ ಕೆಲವೊಮ್ಮೆ ಸುಮ್ಮನಿದ್ದುಬಿಡುತ್ತದೆ. ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಎಂಜಿನ್ ಹತ್ತುವುದಿಲ್ಲ, ಪೆಡಲ್ ಬಿಟ್ಟ ಗಳಿಗೆಯಲ್ಲಿ ಒಮ್ಮೆ ಕೆಮ್ಮುತ್ತದೆ ಎಂದರೆ ಇದೇ ಇರಬಹುದು. ಅರ್ತ್ ಮತ್ತು ಕೇಬಲ್ ಸರಿಮಾಡದೆ ಮಾಡ್ಯೂಲ್ ಹಾಕುವುದೆಂದರೆ ಹಳೆಯ ಕಾಯಿಲೆಗೆ ಹೊಸ ಹೆಸರಿಟ್ಟ ಹಾಗೆ. ಇನ್ನೊಂದು ಮಾತು: ಎರಡು ತಂತಿಗಳನ್ನು ಅದಲುಬದಲು ಮಾಡಿ ಕೊಟ್ಟರೆ ಮಾಡ್ಯೂಲ್ ಕ್ಷಣಮಾತ್ರದಲ್ಲಿ ಸಾಯುತ್ತದೆ, ಹೊಗೆಯನ್ನೂ ಬಿಡುವುದಿಲ್ಲ. ಎಂಜಿನ್ ಓಡದಿರುವಾಗ ಕೀಯನ್ನು ಆನ್ ಬಿಟ್ಟು ಹೋಗುವ ಅಭ್ಯಾಸ ಪಾಯಿಂಟಿಗೂ ಒಳ್ಳೆಯದಲ್ಲ, ಮಾಡ್ಯೂಲಿಗಂತೂ ಬೇಡವೇ ಬೇಡ.

ಯಾವುದನ್ನು ಹಾಕಿದರೂ ಟೈಮಿಂಗ್ ಹೊಸದಾಗಿ ಕೂರಿಸಬೇಕು. ಈ ಎಂಜಿನ್ನಿನ ಗುರುತು ಮುಂದಿನ ಪುಲ್ಲಿಯಲ್ಲಿಲ್ಲ. ಫ್ಲೈವೀಲಿನಲ್ಲಿ ಒತ್ತಿ ಕೂರಿಸಿದ ಒಂದು ಉಕ್ಕಿನ ಗೋಲಿ ಇದೆ, ಬೆಲ್ ಹೌಸಿಂಗಿನ ಕಿಂಡಿಯಲ್ಲಿ ಅದು ಕಾಣಬೇಕು. ಗ್ರೀಸು, ತುಕ್ಕು ಒರೆಸಿ ಗೋಲಿಯ ಮೇಲೆ ಒಂದು ಚುಕ್ಕಿ ಬಿಳಿ ಬಣ್ಣ ಇಡಿ. ಇಲ್ಲದಿದ್ದರೆ ಟೈಮಿಂಗ್ ಲೈಟಿನಲ್ಲಿ ಅದನ್ನು ಹುಡುಕುವುದು ಹುಣ್ಣಿಮೆಯಲ್ಲಿ ನಕ್ಷತ್ರ ಎಣಿಸಿದ ಹಾಗೆ. ಕ್ಯಾಪಿನ ತಂತಿಗಳ ಕ್ರಮ 1-5-3-6-2-4. ಕಿಡಿ ಜೋರಾಯಿತೆಂಬ ಉತ್ಸಾಹದಲ್ಲಿ ಟೈಮಿಂಗನ್ನು ಮುಂದಕ್ಕೆ ತಳ್ಳಬೇಡಿ. 216 ಎಂಜಿನ್ನಿನ ಬೇರಿಂಗು ಬ್ಯಾಬಿಟ್ ಎಂಬ ಮೆತ್ತನೆಯ ಲೋಹದ್ದು, ಏರಿನಲ್ಲಿ ಟಕಟಕ ಎನ್ನುವ ನಾಕಿಂಗನ್ನು ಅದು ಬಹಳ ದಿನ ಸಹಿಸದು.

ಡೈನಮೋ ವಿಷಯ ಬೇಗ ಮುಗಿಸುತ್ತೇನೆ. 6 ವೋಲ್ಟ್ ಉಳಿಸಿಕೊಂಡರೆ ಡೈನಮೋ ಇರಲಿ. ನಿಂತಲ್ಲಿ ಅದು ಹೆಚ್ಚು ಚಾರ್ಜ್ ಕೊಡುವುದಿಲ್ಲ, ಓಡುವಾಗ ಕೊಡುತ್ತದೆ. ರೆಗ್ಯುಲೇಟರ್ ಅಥವಾ ಡೈನಮೋ ಬಿಚ್ಚಿ ಹಾಕಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ತುದಿಗಳಿಗೆ ಒಂದು ತಂತಿಯನ್ನು ಕ್ಷಣಕಾಲ ಸೋಕಿಸಿ; ಡೈನಮೋಗೆ ತನ್ನ ದಿಕ್ಕು ನೆನಪಾಗುತ್ತದೆ. ಇದು ಡೆಲ್ಕೋ-ರೆಮಿಗೆ ಮಾತ್ರ. ಫೋರ್ಡಿನಲ್ಲಿ ಹೀಗೆ ಮಾಡಲು ಹೋಗಬೇಡಿ.

ನನ್ನ ಗಾಡಿ ಈಗ 6 ವೋಲ್ಟ್, 2/0 ಕೇಬಲ್, ಹಳೆಯ ಸೆಲ್ಫ್, ಕ್ಯಾಪಿನ ಕೆಳಗೆ 6 ವೋಲ್ಟಿನ ಮಾಡ್ಯೂಲ್. ಮಾಡ್ಯೂಲ್ ಹಾಕುವಾಗ ಬಿಚ್ಚಿದ ಪ್ಲೇಟನ್ನು ಪಾಯಿಂಟು, ಕಂಡೆನ್ಸರ್ ಸಮೇತ, ಅಂತರವನ್ನು ಮೊದಲೇ ಹೊಂದಿಸಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಜೊತೆಗೆ ಒಂದು ಸ್ಕ್ರೂಡ್ರೈವರ್, ಟೆಸ್ಟ್ ಲ್ಯಾಂಪ್, ಎರಡು ಹಳೆಯ ವಿಸಿಟಿಂಗ್ ಕಾರ್ಡು. ರಸ್ತೆ ಬದಿಯಲ್ಲಿ ಅದನ್ನು ಮತ್ತೆ ಕೂರಿಸಲು ನನಗೆ ಇಪ್ಪತ್ತು ನಿಮಿಷ ಬೇಕು; ಒಮ್ಮೆ ಅಂಗಳದಲ್ಲೇ ಗಡಿಯಾರ ಇಟ್ಟುಕೊಂಡು ಮಾಡಿ ನೋಡಿದ್ದೇನೆ, ಟಾರ್ಚ್ ಹಿಡಿದವಳು ಮಗಳು.